ಗೌಂಡಿಯ 90 ದಿನಗಳು

ಉತ್ತರ ಪ್ರದೇಶದ ಅನ್ಪರಾದಲ್ಲಿ ವಿದ್ಯುತ್ ಸ್ಥಾವರವನ್ನು ನಿರ್ಮಿಸುತ್ತಿದ್ದ ಕಂಪನಿಯು, ಕಾರ್ಖಾನೆಗಳ ಕಾಯಿದೆಯ ಮೇರೆಗೆ ತಾನು ನೋಂದಣಿ ಪಡೆದಿರುವುದರಿಂದ 1996ರ ಕಟ್ಟಡ ಕಾರ್ಮಿಕರ ಕಾಯಿದೆಯೂ ಅದರ ಉಪಕರವೂ ತನಗೆ ಅನ್ವಯಿಸಲಾರವೆಂದು ಹೂಡಿದ ವಾದವನ್ನು ಸರ್ವೋಚ್ಚ ನ್ಯಾಯಾಲಯವು 2016ರ ಅಕ್ಟೋಬರಿನಲ್ಲಿ ತಳ್ಳಿಹಾಕಿತು. ಉತ್ಪಾದನೆ ಆರಂಭವಾಗುವವರೆಗೆ ಅದು ಕಾರ್ಖಾನೆಯೆನಿಸದು, ಅದನ್ನು ಕಟ್ಟುತ್ತಿರುವವರು ಕಟ್ಟಡ ಕಾರ್ಮಿಕರೇ ಎಂಬುದು ತೀರ್ಪಿನ ತಾತ್ಪರ್ಯ. ಎರಡು ಕಾಯಿದೆಗಳ ನಡುವೆ ಶ್ರಮಿಕನು ಅನಾಥನಾಗಬಾರದೆಂಬ ಈ ನ್ಯಾಯದೃಷ್ಟಿ ಪ್ರಶಂಸನೀಯವಾದುದು. ಆದರೆ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಗೌಂಡಿಗೆ ಅದರಿಂದ ಒದಗಿದ ಫಲವೆಷ್ಟು?

ಅವನು ಕಾಯಿದೆಯ ವ್ಯಾಪ್ತಿಯಲ್ಲಿದ್ದಾನೆಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಗೋವಿನಜೋಳದ ರಾಶಿ ಮುಗಿದೊಡನೆ ಹುಬ್ಬಳ್ಳಿಗೋ ಗೋವೆಗೋ ಹೊರಟು, ಒಂದು ವಾರ ಒಬ್ಬ ಗುತ್ತಿಗೆದಾರನಲ್ಲಿ, ಮರುವಾರ ಮತ್ತೊಬ್ಬನಲ್ಲಿ ದುಡಿದು, ಬಟವಾಡೆಯ ಹಣದಲ್ಲಿ ಸಂತೆ ಪೂರೈಸುವ ಈ ಮನುಷ್ಯನು, ಕಲ್ಯಾಣ ಮಂಡಳಿಯ ಫಲಾನುಭವಿಯಾಗಬೇಕಾದರೆ ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದುದಕ್ಕೆ ಪ್ರಮಾಣಪತ್ರ ತರಬೇಕು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಈ ಕಟ್ಟಳೆಯನ್ನು ಹಾಗೆಯೇ ಉಳಿಸಿಕೊಂಡಿದೆ. ಆ ಪ್ರಮಾಣಪತ್ರಕ್ಕೆ ಗುತ್ತಿಗೆದಾರನು ರುಜು ಹಾಕಲೊಲ್ಲ. ಆಳುಗಳ ಲೆಕ್ಕ ಬಯಲಾದೀತೆಂಬ ಅಂಜಿಕೆ ಅವನದು. ಬುಟ್ಟಿ ಹೊರುವ ಹೆಂಗಸಿನ ಹೆಸರಂತೂ ಗಂಡನ ಲೆಕ್ಕದಲ್ಲಿಯೇ ಅಡಗಿಹೋಗುತ್ತದೆ. ಅತ್ತ, ಕರಣೆಯನ್ನು ಎಂದೂ ಹಿಡಿಯದವರಿಗೆ ಅದೇ ರುಜು ಸುಲಭವಾಗಿ ದೊರೆತು, ಈಗ ಮಂಡಳಿಯ ನಕಲಿ ಫಲಾನುಭವಿ ಕಾರ್ಡುಗಳ ರದ್ದತಿಯ ಕೋಲಾಹಲ. ಆ ಜರಡಿಯಲ್ಲಿ ನಿಜವಾದ ದುಡಿಮೆಗಾರನೂ ಉದುರಿಹೋದರೆ ಆಶ್ಚರ್ಯವಿಲ್ಲ.

ಹಣದ ಅಭಾವವೆಂದು ಯಾರೂ ಹೇಳಲಾರರು. ಈ ಕಾರ್ಮಿಕರ ಕಲ್ಯಾಣಕ್ಕೆಂದು ದೇಶದಲ್ಲಿ ಸಂಗ್ರಹವಾದ 37,400 ಕೋಟಿ ರೂಪಾಯಿಗೂ ಮಿಕ್ಕ ಉಪಕರದಲ್ಲಿ ವೆಚ್ಚವಾದುದು ಸುಮಾರು 9,500 ಕೋಟಿ ಮಾತ್ರವೆಂದು ಅದೇ ನ್ಯಾಯಾಲಯವು 2018ರ ಮಾರ್ಚಿನಲ್ಲಿ ವ್ಯಥೆಯಿಂದ ನುಡಿಯಿತು.

ಹಾಜರಿ ಪುಸ್ತಕವನ್ನಿಡುವ ಹೊಣೆ ಕೆಲಸಕ್ಕಿಟ್ಟುಕೊಂಡವನದೆಂದು 1996ರ ಕಾಯಿದೆಯೇ ವಿಧಿಸಿತ್ತು. ಹೀಗಿರಲು ಸಾಕ್ಷ್ಯದ ಭಾರವನ್ನು ಕೂಲಿಯವನ ಹೆಗಲಿಗೇರಿಸಿದ್ದು ಯಾವ ನ್ಯಾಯ? ಪರವಾನಗಿ ಕೊಡುವಾಗಲೇ ಶೇ. 1ರ ಉಪಕರವನ್ನು ಎಣಿಸಿಕೊಳ್ಳುವ ಪುರಸಭೆ, ಪಂಚಾಯಿತಿಗಳು, ಕಟ್ಟಡ ಪೂರ್ಣಗೊಂಡಾಗ ಅಲ್ಲಿ ಯಾರು ಯಾರು ಎಷ್ಟು ದಿನ ದುಡಿದರೆಂಬ ಹಾಜರಿಯನ್ನೂ ಕೇಳಿ ಪಡೆದು ಮಂಡಳಿಗೆ ಕಳುಹಿಸಲಿ. ಉಪಕರದಿಂದ ವಿನಾಯಿತಿ ಪಡೆದ ಸಣ್ಣ ಮನೆಗಳೇ ಹೆಚ್ಚಾಗಿರುವ ನಮ್ಮ ಹಳ್ಳಿಗಳಲ್ಲಿ, ಪ್ರಮಾಣಪತ್ರ ನೀಡುವ ಅಧಿಕಾರವುಳ್ಳ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯು ಕಚೇರಿಯಲ್ಲಿ ಕುಳಿತು ಅರ್ಜಿಗಾಗಿ ಕಾಯುವ ಬದಲು, ಸ್ಲ್ಯಾಬ್ ಹಾಕುವ ದಿನ ಅಲ್ಲಿಗೇ ಹೋಗಿ ಹೆಸರು ಬರೆದುಕೊಳ್ಳಲಿ.