ಭವಿಷ್ಯ ಹೇಳುವ ಎಲೆ, ಮುಹೂರ್ತ ಕೇಳುವ ಮನೆ

ಕಳೆದ ಶ್ರಾವಣದಲ್ಲಿ ಪ್ರಾರ್ಥನಾ ಸಭೆ ಮುಗಿಸಿ ಪ್ರಸಾದಕ್ಕೆ ಕೂತಿದ್ದಾಗ ಪಕ್ಕದಲ್ಲಿದ್ದ ಹಿರಿಯರೊಬ್ಬರು ಕೇಳಿದರು: "ಟ್ಯಾರೋ ಎಲೆ ಬರೀತೀಯಂತಲ್ಲಪ್ಪ. ಇಷ್ಟಲಿಂಗ ಧರಿಸಿದವನಿಗೆ ಇದೆಂಥ ಕಾಯಕ?" ಪಂಕ್ತಿಯಲ್ಲಿ ವಾದ ಬೇಡವೆಂದು ಸುಮ್ಮನಾದೆ. ಉತ್ತರ ಇಲ್ಲಿದೆ.

ಶರಣ ಬಂಧುಗಳೇ, ನಾನು ಮೈಸೂರಿನಲ್ಲಿ ಸಂಬಳವಿಲ್ಲದೆ, ಸಿಕ್ಕ ಚಿತ್ರ ಬರೆದು ಬದುಕುವವನು. ಮಕ್ಕಳ ಪುಸ್ತಕಕ್ಕೆ ರಾಕ್ಷಸರು, ಆಟದ ಕಂಪನಿಗಳಿಗೆ ರೆಕ್ಕೆಯ ಕುದುರೆ, ಮಾಯಾಲೋಕದ ಕೋಟೆ. ಕಲ್ಪನೆಯನ್ನು ಬರೆಯುವುದು ಮೌಢ್ಯವಲ್ಲ. ಈ ಊರಿನಲ್ಲೇ ಮುಮ್ಮಡಿ ಕೃಷ್ಣರಾಜ ಒಡೆಯರು 36ರಿಂದ 360 ಎಲೆಗಳವರೆಗಿನ ಗಂಜೀಫಾ ಆಟಗಳನ್ನು ರೂಪಿಸಿ 'ಶ್ರೀತತ್ತ್ವನಿಧಿ'ಯಲ್ಲಿ ಬರೆಸಿಟ್ಟರು. ಎಲೆಯ ತುಂಬ ದೇವಾನುದೇವತೆಗಳು. ಆದರೂ ಅದು ಆಟ, ಆಡಿ ಎತ್ತಿಡುವುದು.

ಟ್ಯಾರೋ ಕೂಡ ಮೊದಲು ಆಟವೇ. 15ನೇ ಶತಮಾನದ ಇಟಲಿಯಲ್ಲಿ ಹುಟ್ಟಿತು, ಎಲೆಗಳು 78. 1781ರಲ್ಲಿ ಫ್ರಾನ್ಸಿನ ಕೂರ್ ದ ಜೆಬ್ಲಾನ್ ಎಂಬ ಪಂಡಿತ ಇದು ಪ್ರಾಚೀನ ಈಜಿಪ್ಟಿನ ಗುಪ್ತಜ್ಞಾನವೆಂದು ಬರೆದ. ಪುರಾವೆ ಇರಲಿಲ್ಲ. ಪುರಾವೆಯಿಲ್ಲದ ಮಾತಿಗೆ ಪುರಾತನದ ಮುದ್ರೆ ಒತ್ತಿ ದಕ್ಷಿಣೆ ಎಣಿಸುವ ಚಾಳಿ ನಮಗೂ ಹೊಸದಲ್ಲ ಬಿಡಿ. ಇಂದು ಎಲ್ಲರ ಕೈಯಲ್ಲಿರುವ ಚಿತ್ರಗಳನ್ನು 1909ರಲ್ಲಿ ಬರೆದವಳು ಪಮೇಲಾ ಕೋಲ್ಮನ್ ಸ್ಮಿತ್. ಬಹುಕಾಲ ಆ ಕಟ್ಟನ್ನು ಜನ ಕರೆದದ್ದು ಮಾತ್ರ ಪ್ರಕಾಶಕನ, ಬರೆಸಿದವನ ಹೆಸರಿನಿಂದ. ಕೆಲಸ ದೊಡ್ಡದು, ಕಾಸು ಬಲು ಕಡಿಮೆ ಎಂದು ಆಕೆಯೇ ಪತ್ರವೊಂದರಲ್ಲಿ ಹೇಳಿಕೊಂಡಿದ್ದಾಳೆ. ನನ್ನ ಹೊಟ್ಟೆ ಉರಿಯುವುದು ಅಲ್ಲಿ. ಕಾಯಕ ಒಬ್ಬರದು, ಹೆಸರು ಇನ್ನೊಬ್ಬರದು.

ನನಗೂ ಒಬ್ಬರು ಎಲೆ ಬರೆಯಲು ಕೊಟ್ಟಿದ್ದು ನಿಜ. ಒಂಬತ್ತು ಮುಗಿಸಿದ್ದೆ. ಆಗ ಒಂದು ಕರಪತ್ರವನ್ನೂ ಸಿಂಗರಿಸಿ ಕೊಡಿ ಎಂದು ಕಳುಹಿಸಿದರು: ಈ ಎಲೆ ಬಂದರೆ ಮನೆಗೆ ಕಂಟಕ, ಪರಿಹಾರಕ್ಕೆ ಈ ಹರಳು, ಬೆಲೆ ಇಷ್ಟು. ಕೈ ನಿಂತಿತು. ಮುಂಗಡದ 20,000 ಆಗಲೇ ಬಾಡಿಗೆಗೆ, ಮಗಳ ಶಾಲೆಗೆ ಹೋಗಿತ್ತು. ಹೆಚ್ಚಿಗೆ ತಂದ ಅಕ್ಕಿಯನ್ನು ಆಯ್ದಕ್ಕಿ ಲಕ್ಕಮ್ಮ ಮಾರಯ್ಯನಿಂದ ವಾಪಸು ಸುರಿಸಿದ ಕಥೆಯನ್ನು ನನ್ನ ಮನೆಯವಳೇ ನೆನಪಿಸಿದಳು. ಅಕ್ಕನ ಚೀಟಿ ದುಡ್ಡು ಬೇಡಿ ತಂದು ಮುಂಗಡ ಹಿಂದಿರುಗಿಸಿದೆ. ಆ ಸಾಲ ಇನ್ನೂ ತೀರಿಲ್ಲ.

ಆಟಕ್ಕೆಂದರೆ ಈಗಲೂ ಎಲೆ ಬರೆಯುತ್ತೇನೆ. ಹೆದರಿಸಿ ಮಾರುವವರಿಗೆ ಬರೆಯುವುದಿಲ್ಲ.

ಇನ್ನು ನನ್ನದೊಂದು ಪ್ರಶ್ನೆ. ಟ್ಯಾರೋ ಬೇಡವೆನ್ನುವುದು ಅದು ಭವಿಷ್ಯ ಹೇಳುತ್ತದೆಂದೋ, ಇಂಗ್ಲಿಷಿನಲ್ಲಿ ಹೇಳುತ್ತದೆಂದೋ? ಆ ಹಿರಿಯರ ಮಗನ ಗೃಹಪ್ರವೇಶಕ್ಕೆ ನಾನೂ ಹೋಗಿದ್ದೆ. ಬೆಳಗಿನ ಜಾವ ನಾಲ್ಕೂವರೆಗೆ, ಪಂಚಾಂಗ ತೆಗೆಸಿ ಇಟ್ಟ ಲಗ್ನ. ಶುಭ ಅಶುಭ ವೇಳೆಗಳನ್ನು ಶರಣರು ತಳ್ಳಿಹಾಕಿ ಎಂಟು ಶತಮಾನ ದಾಟಿದೆ. 2017ರಲ್ಲಿ ರಾಜ್ಯ ಮಾಡಿದ ಮೌಢ್ಯ ನಿಷೇಧ ಕಾಯ್ದೆ ಜ್ಯೋತಿಷ್ಯ, ವಾಸ್ತುಗಳನ್ನು ಹೊರಗಿಟ್ಟಾಗ ನಮ್ಮಲ್ಲಿ ಎಷ್ಟು ಮನೆಗಳು ಕಸಿವಿಸಿಪಟ್ಟವು? ನೆಮ್ಮದಿಯ ಉಸಿರು ಬಿಟ್ಟವರನ್ನು ನಾನೇ ಕಂಡಿದ್ದೇನೆ. ಹಣೆಯ ಮೇಲೆ ವಿಭೂತಿ, ಜೇಬಿನಲ್ಲಿ ರಾಹುಕಾಲದ ಚೀಟಿ.

ನಮ್ಮ ಬಡಾವಣೆಯ ಕಲ್ಯಾಣ ಮಂಟಪದ ಬುಕಿಂಗ್ ಪುಸ್ತಕ ನೋಡಿ. ಆಷಾಢದ ಹಾಳೆಗಳು ಖಾಲಿ. ಬರುವ ಆಷಾಢದಲ್ಲಿ ಒಂದು ದಿನವನ್ನು ತಂಗಿಯ ಮದುವೆಗೆ ಬರೆಸಿ ಬಂದಿದ್ದೇನೆ, ಮಧ್ಯಾಹ್ನ ಹನ್ನೆರಡಕ್ಕೆ. ಅವತ್ತು ರಾಹುಕಾಲ ಎಷ್ಟೊತ್ತಿಗೋ ನೋಡಿಲ್ಲ. ಕರೆಯೋಲೆಯ ಚಿತ್ರ ನಾನೇ ಬರೆಯುತ್ತಿದ್ದೇನೆ. ಮೊದಲ ಪ್ರತಿ ಆ ಹಿರಿಯರಿಗೆ.