ತೊಳೆಯದ ಬಟ್ಟಲು, ತೀರದ ನಿದ್ರೆ

ಕಡಲ ಮೇಲಿನ ಬದುಕಿಗೆ ತನ್ನದೇ ಆದ ಆಚಾರಗಳುಂಟು. ಅಮೆರಿಕದ ನೌಕಾಪಡೆಯಲ್ಲಿ ಅಂಥದೊಂದು ಆಚಾರ ಕಾಫಿ ಬಟ್ಟಲಿಗೆ ಸೇರಿದ್ದು. ಅಲ್ಲಿನ ಹಿರಿಯ ನಾವಿಕರು, ವಿಶೇಷವಾಗಿ ಚೀಫ್ ಪೆಟಿ ಆಫೀಸರುಗಳು, ತಮ್ಮ ಬಟ್ಟಲನ್ನು ಸಾಬೂನಿನಿಂದ ತೊಳೆಯುವುದಿಲ್ಲ. ಒಳಮೈ ಕಪ್ಪಾದಷ್ಟೂ ಸೇವಾನುಭವ ಹೆಚ್ಚೆಂಬುದು ಅವರ ಭಾವನೆ. ಹೊಸದಾಗಿ ಸೇರಿದ ತರುಣನು ಒಳ್ಳೆಯ ಮನಸ್ಸಿನಿಂದ ಅದನ್ನು ತಿಕ್ಕಿ ಬೆಳಗಿಟ್ಟರೆ ದೊರೆಯುವುದು ಮೆಚ್ಚುಗೆಯಲ್ಲ, ಬೈಗುಳ.

ಇನ್ನೊಂದು ಕಥೆಯೂ ಪ್ರಚಲಿತವಾಗಿದೆ. 1914ರಲ್ಲಿ ನೌಕಾ ಕಾರ್ಯದರ್ಶಿ ಜೋಸೆಫಸ್ ಡೇನಿಯಲ್ಸ್ ಹಡಗುಗಳಲ್ಲಿ ಮದ್ಯವನ್ನು ನಿಷೇಧಿಸಿದರು. ಆಗ ಕಾಫಿಯೇ ಗತಿಯಾದ ನಾವಿಕರು ಅದನ್ನು ಅಣಕದಿಂದ ‘ಕಪ್ ಆಫ್ ಜೋ’ ಎಂದು ಕರೆದರಂತೆ. ಕಥೆ ಸೊಗಸಾಗಿದೆ, ನಂಬಲು ಕಷ್ಟ. ಸಾಮಾನ್ಯ ನಾವಿಕರ ಮದ್ಯದ ಪಡಿ 1862ರಲ್ಲಿಯೇ ನಿಂತಿತ್ತು. 1914ರ ಆಜ್ಞೆ ಮುಖ್ಯವಾಗಿ ತಟ್ಟಿದ್ದು ಅಧಿಕಾರಿಗಳ ಊಟದ ಮೇಜಿಗೆ. ಆದರೂ ಮದ್ಯದ ಜಾಗದಲ್ಲಿ ಕಾಫಿ ಕುಳಿತದ್ದು ಆರೋಗ್ಯದೃಷ್ಟಿಯಿಂದ ಶುಭವೇ ಆಯಿತೆಂದು ನಾವು ಭಾವಿಸುತ್ತೇವೆ.

ತೊಳೆಯದ ಬಟ್ಟಲನ್ನು ಕೆಲವರು ಪಳಗಿದ ದೋಸೆ ಕಾವಲಿಗೆ ಹೋಲಿಸಿ ಸಮರ್ಥಿಸಬಹುದು. ಈ ಹೋಲಿಕೆ ನಿಲ್ಲುವುದಿಲ್ಲ. ಕಾವಲಿಯು ಪ್ರತಿಸಲವೂ ಬೆಂಕಿಯ ಮೇಲೆ ಕಾಯುತ್ತದೆ. ಬಟ್ಟಲಾದರೋ ತೇವವಾಗಿಯೇ ಉಳಿಯುತ್ತದೆ. ಹಾಲು, ಸಕ್ಕರೆ ಬೆರೆಸದ ಕಪ್ಪು ಕಾಫಿಯನ್ನು ಒಬ್ಬನೇ ಕುಡಿಯುವಾಗ ಅಪಾಯ ಅಲ್ಪ. ಹಾಲು, ಸಕ್ಕರೆಯ ಶೇಷ ಉಳಿದರೆ ಅಥವಾ ಅದೇ ಬಟ್ಟಲು ಕೈಯಿಂದ ಕೈಗೆ ಹೋದರೆ ಸೂಕ್ಷ್ಮಾಣುಗಳಿಗೆ ಹಬ್ಬ. ನಮ್ಮ ಮನೆಗಳ ಕಾಫಿ ಹಾಲಿನದು. ಆದ್ದರಿಂದ ಈ ಆಚಾರ ನಮಗೆ ಸಲ್ಲದು.

ಆದರೆ ಬಟ್ಟಲಿನ ಕಲೆಗಿಂತ ದೊಡ್ಡ ಪ್ರಶ್ನೆ ಅದರ ಹಿಂದಿರುವ ಹೆಮ್ಮೆಯದು. ಆ ಕಪ್ಪು ಕಲೆಯು ನಿದ್ರೆಗೆಟ್ಟ ರಾತ್ರಿಗಳ ಲೆಕ್ಕವೂ ಹೌದು. 2017ರ ಜೂನ್ 17ರ ನಡುರಾತ್ರಿಯ ನಂತರ ‘ಫಿಟ್ಜ್‌ಜೆರಾಲ್ಡ್’ ಯುದ್ಧನೌಕೆಯು ಜಪಾನಿನ ಬಳಿ ಸರಕು ಹಡಗಿಗೆ ಡಿಕ್ಕಿಯಾಗಿ 7 ನಾವಿಕರು ಮೃತರಾದರು. ಆಗಸ್ಟ್ 21ರ ನಸುಕಿನಲ್ಲಿ ಸಿಂಗಪುರದ ಬಳಿ ‘ಜಾನ್ ಎಸ್. ಮೆಕೇನ್’ ನೌಕೆಯು ಟ್ಯಾಂಕರಿಗೆ ಡಿಕ್ಕಿಯಾಗಿ 10 ಜನರು ಅಸುನೀಗಿದರು. ತರಬೇತಿಯ ಕೊರತೆ ಮೊದಲಾದ ಕಾರಣಗಳೊಂದಿಗೆ ಸಿಬ್ಬಂದಿಯ ಆಯಾಸವನ್ನೂ ತನಿಖೆಗಳು ಎತ್ತಿ ತೋರಿಸಿದವು. ಅನಂತರ ಅಲ್ಲಿನ ಹಡಗುಗಳಲ್ಲಿ ದೇಹದ ಹಗಲಿರುಳಿನ ಲಯಕ್ಕೆ ಹೊಂದುವ ಪಾಳಿಗಳನ್ನು ಜಾರಿಗೆ ತರಲಾಯಿತು. ಆ ಹಡಗುಗಳಲ್ಲಿ ಕಾಫಿಗೇನೂ ಬರವಿರಲಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು.

ಕಾರಣ ಸ್ಪಷ್ಟ. ಎಚ್ಚರವಾಗಿದ್ದಷ್ಟೂ ಮಿದುಳಿನಲ್ಲಿ ಅಡೆನೋಸಿನ್ ಎಂಬ ದ್ರವ್ಯ ಸಂಚಯವಾಗಿ ತೂಕಡಿಕೆ ತರುತ್ತದೆ. ಕಾಫಿಯ ಕೆಫೀನ್ ಆ ದ್ರವ್ಯ ಕೂರುವ ಜಾಗವನ್ನು ತಾನು ಆಕ್ರಮಿಸುತ್ತದೆ. ತೂಕಡಿಕೆ ಮರೆಯಾಗುತ್ತದೆ, ನಿದ್ರೆಯ ಸಾಲ ತೀರುವುದಿಲ್ಲ. ಕುಡಿದ ಕೆಫೀನಿನ ಅರ್ಧಭಾಗ ಸುಮಾರು 5 ಗಂಟೆಗಳ ಮೇಲೂ ದೇಹದಲ್ಲಿ ಉಳಿದು, ಮುಂದೆ ಬರಬೇಕಾದ ನಿದ್ರೆಯನ್ನೂ ಕೆಡಿಸುತ್ತದೆ.

ಚರಕಾಚಾರ್ಯರು ಶರೀರವನ್ನು ಎತ್ತಿಹಿಡಿಯುವ ಮೂರು ಉಪಸ್ತಂಭಗಳಲ್ಲಿ ನಿದ್ರೆಯನ್ನು ಆಹಾರದ ಜೊತೆಗೇ ಎಣಿಸಿದ್ದಾರೆ. ಬಂದ ನಿದ್ರೆಯನ್ನು ತಡೆಯುವುದನ್ನು ಶಾಸ್ತ್ರವು ವೇಗಧಾರಣದ ದೋಷವೆನ್ನುತ್ತದೆ. ರಾತ್ರಿ ಜಾಗರಣೆಯಿಂದ ರೂಕ್ಷತೆ ಹೆಚ್ಚಿ ವಾತ ಕೆರಳುತ್ತದೆ. ಜಾಗರಣೆ ಅನಿವಾರ್ಯವಾದವರಿಗೆ ವಾಗ್ಭಟರು ದಾರಿಯನ್ನೂ ತೋರಿಸಿದ್ದಾರೆ: ಕಳೆದುಕೊಂಡ ನಿದ್ರೆಯ ಅರ್ಧದಷ್ಟು ಕಾಲ ಮರುದಿನ ಬೆಳಿಗ್ಗೆ, ಉಣ್ಣುವ ಮೊದಲು, ಮಲಗಬೇಕು.

ರಾತ್ರಿಪಾಳಿಯ ದಾದಿಯರು, ಲಾರಿ ಚಾಲಕರು, ಇರುಳಿನಲ್ಲಿ ಕರೆಂಟು ಬಂದಾಗ ಹೊಲಕ್ಕೆ ನೀರು ಹಾಯಿಸುವ ರೈತರು ಈ ಮಾತನ್ನು ಗಮನದಲ್ಲಿಡಬೇಕು. ಪಾಳಿಯ ಮೊದಲರ್ಧದಲ್ಲಿ ಒಂದೆರಡು ಲೋಟ ಕಾಫಿ ತಪ್ಪಲ್ಲ. ಗರ್ಭಿಣಿಯರು, ಆಮ್ಲಪಿತ್ತದವರು, ಹೃದಯದ ಬಡಿತ ಏರುಪೇರಾಗುವವರು ವೈದ್ಯರನ್ನು ಕೇಳಿ ಮಿತಿಯನ್ನು ನಿಶ್ಚಯಿಸಿಕೊಳ್ಳಲಿ. ಕಣ್ಣು ಎಳೆಯುತ್ತಿರುವಾಗ ಮತ್ತೊಂದು ಲೋಟ ಕುಡಿದು ಸ್ಟೇರಿಂಗ್ ಹಿಡಿಯುವುದಕ್ಕಿಂತ, ಗಾಡಿಯನ್ನು ಬದಿಗೆ ನಿಲ್ಲಿಸಿ ಅರ್ಧ ಗಂಟೆ ಮಲಗುವುದು ಮೇಲು. ನಿದ್ರೆಗೆಡುವುದನ್ನು ಪೌರುಷವೆಂದು ಹೊಗಳುವ ರೂಢಿಯನ್ನು ನಾವು ಬಿಡಬೇಕು. ಪಾಳಿ ಮುಗಿಸಿ ಬಂದವರಿಗೆ ಮನೆಯವರು ಮೊದಲು ಕೊಡಬೇಕಾದುದು ಕತ್ತಲೆಯ ಕೋಣೆ ಮತ್ತು ಮೌನ.