ಬೀದಿಯ ಅಣ್ಣಂದಿರು

ಅಡಕೆಯ ಸೀಮೆಯಾದ ಶಿವಮೊಗ್ಗ ಜಿಲ್ಲೆಯಲ್ಲಿ ‘ಸುಪಾರಿ’ ಎಂಬ ಮಾತು ಇಂದು ಯಾವ ಅರ್ಥದಲ್ಲಿ ಕಿವಿಗೆ ಬೀಳುತ್ತಿದೆಯೆಂಬುದನ್ನು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಹಳೆಯ ಕಾವ್ಯಗಳಲ್ಲಿ ಭಟನು ಒಡೆಯನ ಕೈಯಿಂದ ವೀಳ್ಯ ಪಡೆದು ಕಾಳಗಕ್ಕೆ ಹೊರಡುತ್ತಿದ್ದನು. ಅದರಲ್ಲಿ ಒಂದು ಹೊಣೆಯಿತ್ತು, ತುಂಬಿದ ಸಭೆಯಲ್ಲಿ ಹೆಸರು ಹಿಡಿದು ಕರೆಸಿಕೊಳ್ಳುವ ಗೌರವವಿತ್ತು. ಅದೇ ಅಡಕೆ ಈಗ ಹಣ ಪಡೆದು ಕೊಲ್ಲುವ ಗುತ್ತಿಗೆಗೆ ಹೆಸರಾಗಿದೆ. ಮಾತು ಕೆಟ್ಟಿತೆಂದು ಕನ್ನಡ ಮೇಷ್ಟರು ಮರುಗುವುದು ಸಹಜವೇ. ಆದರೆ ಕೆಡದೆ ಉಳಿದಿರುವುದೂ ಒಂದುಂಟು: ‘ಇದು ನಿನ್ನಿಂದಲೇ ಆಗಬೇಕಾದ ಕೆಲಸ’ ಎಂದು ಯಾರಾದರೂ ತನ್ನನ್ನು ಕರೆಯಬೇಕೆಂಬ, ಹದಿನೇಳರ ಹುಡುಗನ ಹಸಿವು. ಪುಂಡರ ತಂಡಗಳು ಬಲೆ ಬೀಸುವುದು ಈ ಹಸಿವಿನ ಸುತ್ತ.

ಶಿವಮೊಗ್ಗ, ಭದ್ರಾವತಿಗಳ ವಾರ್ತೆಗಳಲ್ಲಿ ಗಾಂಜಾ, ಗುಂಪುಘರ್ಷಣೆ, ರೌಡಿಪಟ್ಟಿ ಎಂಬ ಮಾತುಗಳು ಅಪರೂಪವಲ್ಲ. ಭದ್ರಾವತಿಯ ನ್ಯೂ ಟೌನಿನಂಥ ಬಡಾವಣೆಯ ನೆಲೆಯಿಂದ ಈ ಸಂಗತಿಯನ್ನು ನೋಡಿದರೆ ಅದರ ಒಳಗು ಚೆನ್ನಾಗಿ ಕಾಣುತ್ತದೆ. ಬೆಂಕಿಪುರವೆಂಬ ಹಳೆಯ ಹೆಸರಿದ್ದ ಈ ಊರಿನಲ್ಲಿ 1918ರಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಗೆ ಅಂಕುರಾರ್ಪಣೆಯಾಯಿತು. 1936ರಲ್ಲಿ ಕಾಗದದ ಕಾರ್ಖಾನೆ ಹುಟ್ಟಿತು. ಇವು ಜನಕ್ಕೆ ಕೊಟ್ಟದ್ದು ಸಂಬಳವನ್ನಷ್ಟೇ ಅಲ್ಲ. ಹೊಸದಾಗಿ ಸೇರಿದ ಹುಡುಗನ ಪಕ್ಕದಲ್ಲಿ ಕೆಲಸ ಬಲ್ಲ ಹಿರಿಯನೊಬ್ಬನಿರುತ್ತಿದ್ದನು. ಗದರುತ್ತಿದ್ದನು, ತಿದ್ದುತ್ತಿದ್ದನು, ಹಬ್ಬಕ್ಕೆ ಮನೆಗೂ ಕರೆಯುತ್ತಿದ್ದನು. ಸಂಜೆಗೆ ಆಟದ ಬಯಲಿತ್ತು, ನಾಟಕದ ತಾಲೀಮಿತ್ತು. ನಟ ದೊಡ್ಡಣ್ಣನವರು ಆ ಉಕ್ಕಿನ ಕಾರ್ಖಾನೆಯಲ್ಲಿ ದುಡಿಯುತ್ತ ರಂಗದ ಹುಚ್ಚನ್ನು ಬೆಳೆಸಿಕೊಂಡವರೆಂಬುದನ್ನು ನೆನೆದರೆ ಸಾಕು.

ಕಾಗದದ ಕಾರ್ಖಾನೆಯ ಯಂತ್ರಗಳು 2015-16ರ ಸುಮಾರಿಗೆ ನಿಂತವು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿತ್ತು. ಕಾರ್ಮಿಕರ ಹೋರಾಟದ ನಡುವೆ ಆ ವರ್ಷದ ಆಗಸ್ಟಿನಲ್ಲಿ ಒಂದಿಷ್ಟು ಉತ್ಪಾದನೆ ಮರಳಿತು. ಆದರೆ ತಂದೆಯ ಹಿಂದೆ ಮಗನೂ ಆ ಬಾಗಿಲನ್ನು ಹೊಗುವನೆಂಬ ಭರವಸೆ ಅದಕ್ಕೂ ಮೊದಲೇ ಸೋರಿಹೋಗಿತ್ತು.

ಹಾಗೆಂದು ನಿರುದ್ಯೋಗವೇ ಪುಂಡಾಟಿಕೆಯ ತಾಯಿಯೆನ್ನುವುದು ಸಾವಿರಾರು ಬಡಮನೆಗಳಿಗೆ ಮಾಡುವ ಅವಮಾನ. ಕೆಲಸವಿಲ್ಲದ ಹುಡುಗರಲ್ಲಿ ಬಹುಮಂದಿ ಯಾರಿಗೂ ಕೈಯೆತ್ತಿದವರಲ್ಲ. ಸಿನಿಮಾವನ್ನು ದೂರುವ ವಾಡಿಕೆಯೂ ಇದೆ. 1995ರ ‘ಓಂ’ ಚಿತ್ರದಿಂದೀಚೆಗೆ ಮಚ್ಚು ಲಾಂಗುಗಳಿಗೆ ಒಂದು ಮೆರುಗು ಬಂದದ್ದು ಸುಳ್ಳಲ್ಲ. ಆದರೆ ಚಿತ್ರಮಂದಿರದಿಂದ ಹೊರಬಂದ ಹುಡುಗನನ್ನು ಟೀ ಅಂಗಡಿಯಲ್ಲಿ ಕಾದು ಕೂತವನಾರು ಎಂಬುದೇ ನಿಜವಾದ ಪ್ರಶ್ನೆ.

ಅವನ ಹೆಸರು ‘ಅಣ್ಣ’. ಇಷ್ಟು ಮಮತೆಯ ಇನ್ನೊಂದು ಮಾತು ಕನ್ನಡದಲ್ಲಿ ದುರ್ಲಭ. ಅಣ್ಣ ಮೊದಲು ಏನನ್ನೂ ಕೇಳುವುದಿಲ್ಲ. ಟೀ ಕುಡಿಸುತ್ತಾನೆ, ಬೈಕು ಕೊಡುತ್ತಾನೆ, ಕಾಲೇಜಿನ ಜಗಳದಲ್ಲಿ ಬೆನ್ನಿಗೆ ನಿಲ್ಲುತ್ತಾನೆ. ಅನಂತರ ಒಂದು ಪೊಟ್ಟಣವನ್ನು ಆಚೆ ಬೀದಿಗೆ ಮುಟ್ಟಿಸಬೇಕಾಗುತ್ತದೆ. ಒಂದು ರಾತ್ರಿ ತಿರುವಿನಲ್ಲಿ ನಿಂತು ಕಾವಲು ಕಾಯಬೇಕಾಗುತ್ತದೆ. ಹುಡುಗ ತಾನು ಸೇರಿದೆನೆಂದು ತಿಳಿಯುವ ಹೊತ್ತಿಗೆ ಬಿಡುವ ದಾರಿ ಮುಚ್ಚಿರುತ್ತದೆ. ಷಿಕಾಗೋ ನಗರದ 1,313 ತಂಡಗಳನ್ನು ಅಭ್ಯಾಸ ಮಾಡಿ 1927ರಲ್ಲಿ ಗ್ರಂಥ ಬರೆದ ಫ್ರೆಡರಿಕ್ ಥ್ರಾಷರನು ಕಂಡುಕೊಂಡದ್ದೂ ಇದಕ್ಕೆ ದೂರವಲ್ಲ: ಮನೆ, ಶಾಲೆ, ದುಡಿಮೆಗಳ ನಡುವೆ ಬಿರುಕು ಬಿಟ್ಟಲ್ಲಿ ತಂಡ ಮೊಳೆಯುತ್ತದೆ.

ನಮ್ಮ ಕಾನೂನು ಈ ಅಣ್ಣನನ್ನು ಗುರುತಿಸದೆ ಬಿಟ್ಟಿಲ್ಲ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಮಕ್ಕಳನ್ನು ಅಕ್ರಮ ಕೆಲಸಕ್ಕೆ ಬಳಸುವ ವಯಸ್ಕನಿಗೆ ಏಳು ವರ್ಷಗಳವರೆಗೆ ಕಠಿಣ ಸಜೆ, ಐದು ಲಕ್ಷ ರೂಪಾಯಿ ದಂಡ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ ಅಪರಾಧಕ್ಕಾಗಿ ಮಕ್ಕಳನ್ನು ನೇಮಿಸುವವನಿಗೆ ಕನಿಷ್ಠ ಮೂರು ವರ್ಷಗಳ ಸೆರೆವಾಸವನ್ನು ವಿಧಿಸುತ್ತದೆ. ಅದೇ ಬಾಲನ್ಯಾಯ ಕಾಯ್ದೆ, ಕೆಲವು ಘೋರ ಪ್ರಕರಣಗಳ ಹೊರತು, ಬಾಲ್ಯದ ತಪ್ಪಿನ ಕಲೆ ಮುಂದಿನ ಬದುಕಿಗೆ ಅಂಟಬಾರದೆಂದೂ ಹೇಳುತ್ತದೆ. ಎಷ್ಟು ಉದಾರವಾದ ಮಾತು! ಹದಿನೆಂಟು ತುಂಬಿದ ಮೇಲೆ ಮಾತ್ರ ನಮ್ಮ ಔದಾರ್ಯ ಒಮ್ಮೆಗೇ ಒಣಗುತ್ತದೆ. ರೌಡಿಪಟ್ಟಿಗೆ ಹೆಸರು ಸೇರುವುದು ಸುಲಭ, ಅಳಿಯುವುದು ಕಷ್ಟ. ಪಟ್ಟಿಯಲ್ಲಿದ್ದವರನ್ನು ಠಾಣೆಯ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ಎಚ್ಚರಿಸುವ ‘ಪೆರೇಡ್’ ಎಂಬ ಪದ್ಧತಿಯಿದೆ. ಒಂದೇ ಹೊಡೆದಾಟದಲ್ಲಿ ಸಿಕ್ಕ ಇಪ್ಪತ್ತರ ತರುಣನನ್ನು ಹಳೆಯ ಪಳಗಿದವರ ಪಕ್ಕದಲ್ಲಿ ನಿಲ್ಲಿಸಿದರೆ, ಆತ ಕಲಿಯುವುದು ಅಂಜಿಕೆಯನ್ನೋ ಅವರ ಪರಿಚಯವನ್ನೋ?

ತಡೆಯುವ ಕಾಲ ಇದಕ್ಕಿಂತ ಬಹಳ ಹಿಂದಿದೆ, ಮತ್ತು ಅದರ ಮೊದಲ ಸುಳಿವು ಪೊಲೀಸರಿಗಿಂತ ಮುಂಚೆ ಅಧ್ಯಾಪಕರಿಗೆ ಸಿಗುತ್ತದೆ. ಹಾಜರಿ ಪುಸ್ತಕದಲ್ಲಿ ಒಂದು ಹೆಸರಿನ ಮುಂದೆ ಗೈರುಹಾಜರಿ ಬೆಳೆಯುತ್ತ ಹೋದಾಗ, ಹಾಜರಿ ಸಾಲದೆಂದು ಹುಡುಗನನ್ನು ಪರೀಕ್ಷೆಯಿಂದ ತಡೆದು ನಾವು ನಿಯಮ ಪಾಲಿಸಿದೆವೆಂದುಕೊಳ್ಳುತ್ತೇವೆ. ಅಂದಿನಿಂದ ಅವನ ಹಗಲೆಲ್ಲ ಬೀದಿಯ ಅಣ್ಣನದು. ಅವನನ್ನು ಹೊರಗೆ ಹಾಕುವ ಮುನ್ನ ಒಬ್ಬರಾದರೂ ಮನೆಗೆ ಹೋಗಿ ವಿಚಾರಿಸುವುದು ಯಾವ ಕಾಯ್ದೆಗೂ ವಿರುದ್ಧವಲ್ಲ.

ಭದ್ರಾವತಿಗೆ ಇನ್ನೊಂದು ಸಂಪತ್ತಿದೆ. ಕುಲುಮೆಯ ಮುಂದೆ ಮೂವತ್ತು ವರ್ಷ ನಿಂತು ನಿವೃತ್ತರಾದ ಫಿಟ್ಟರುಗಳು, ಟರ್ನರುಗಳು, ವೆಲ್ಡರುಗಳು ಆ ಊರಿನ ಜಗುಲಿಗಳಲ್ಲಿ ಕುಳಿತಿದ್ದಾರೆ. ಗದರಲೂ ಬಲ್ಲವರು, ಕಲಿಸಲೂ ಬಲ್ಲವರು. 1961ರ ಅಪ್ರೆಂಟಿಸ್ ಕಾಯ್ದೆ ಇಂದಿಗೂ ಜೀವಂತವಾಗಿದೆ, ಐಟಿಐಗಳಿವೆ. ಪಾಳುಬಿದ್ದ ಷೆಡ್ಡೊಂದನ್ನು ತೆರೆದು, ಸಂಜೆ ಆರರಿಂದ ಒಂಬತ್ತರವರೆಗೆ ಈ ಹಿರಿಯರಿಗೆ ಒಂದಿಷ್ಟು ಗೌರವಧನ ಕೊಟ್ಟು ಕೂರಿಸಲು ನಗರಸಭೆಗೆ ಆಗದಷ್ಟು ವೆಚ್ಚವೇನಿಲ್ಲ. ಆ ಮೂರು ಗಂಟೆಗಳೇ ಟೀ ಅಂಗಡಿಯ ಅಣ್ಣನ ವ್ಯಾಪಾರದ ಹೊತ್ತೂ ಹೌದು.